ಶೆಫೀಲ್ಡಿನ 13 ಪದ್ಯ: ಕಾಸರಗೋಡಿನ ರೈಲಿನಲ್ಲಿ ಕೇಳುವ ಕ್ರಮ

ಮೊದಲು ಫೈಲುಗಳ ಹೆಸರು ನೋಡಿ. ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಉಂಟು.

2009ರಲ್ಲಿ ಬೆಂಗಳೂರಿನಿಂದ ಬಂದ ಬಾವ ನನಗೊಂದು ಪೆನ್‌ಡ್ರೈವ್ ಕೊಟ್ಟ. ಅದರಲ್ಲಿ ಆರ್ಕ್ಟಿಕ್ ಮಂಕೀಸ್ ಎಂಬ, ಇಂಗ್ಲೆಂಡಿನ ಶೆಫೀಲ್ಡ್ ಪೇಟೆಯ ಬ್ಯಾಂಡಿನ ಮೊದಲ ಆಲ್ಬಮ್ ಇತ್ತು. ನನ್ನದು ಮುನ್ನೂರು ರೂಪಾಯಿಯ ಚೈನಾ ಪ್ಲೇಯರ್. ಅದಕ್ಕೆ ಗೊತ್ತಿದ್ದದ್ದು ಎ, ಬಿ, ಸಿ, ಡಿ ಮಾತ್ರ. ಬಾವ ಫೈಲುಗಳಿಗೆ ನಂಬರ್ ಹಾಕಿರಲಿಲ್ಲ. ಹಾಗಾಗಿ ಎ ಅಕ್ಷರದ 'ಎ ಸರ್ಟನ್ ರೊಮ್ಯಾನ್ಸ್' ಮೊದಲು ಬಂತು. ನಿಜದಲ್ಲಿ ಅದು ಹದಿಮೂರನೆಯದು, ಕೊನೆಯದು. ಮೊದಲನೆಯದಾದ 'ದ ವ್ಯೂ ಫ್ರಮ್ ದಿ ಆಫ್ಟರ್‌ನೂನ್' ನನ್ನ ಪಾಲಿಗೆ ಹನ್ನೊಂದನೆಯದಾಯಿತು. ಎರಡು ವರ್ಷ ನಾನು ಮಂಗಳ ಹಾಡಿ ಯಕ್ಷಗಾನದ ಆಟ ಶುರು ಮಾಡಿದೆ. ಆಟಕ್ಕೆ ಮೊದಲು ಆಗಬೇಕಾದ ಚೌಕಿ ಪೂಜೆ ಬೆಳಗಿನ ಜಾವಕ್ಕೆ!

ಈಗ ಫೋನಿನಲ್ಲಿ ಕೇಳುವವರಿಗೆ ಆ ಕಷ್ಟ ಇಲ್ಲ. ಆದರೆ ಷಫಲ್ ಬಟನ್ ಇದೆ, ಅದೂ ಅದೇ ಕೆಲಸ ಮಾಡುತ್ತದೆ. ಆಫ್ ಮಾಡಿ. ಆಲ್ಬಮ್ಮಿನ ಹೆಸರು ಉದ್ದ: 'ವಾಟೆವರ್ ಪೀಪಲ್ ಸೇ ಐ ಆಮ್, ದಟ್ಸ್ ವಾಟ್ ಐಮ್ ನಾಟ್'. 2006ರ ಜನವರಿ 23ಕ್ಕೆ ಬಂದದ್ದು. ಮುಖಪುಟದಲ್ಲಿ ಸಿಗರೇಟು ಸೇದುತ್ತಿರುವ ಒಬ್ಬ ಹುಡುಗ. ಅವನು ಬ್ಯಾಂಡಿನವನಲ್ಲ, ಅವರ ಗೆಳೆಯ.

ಸಮಯ ಎಷ್ಟು ಬೇಕು? 41 ನಿಮಿಷ. ನಾನು ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಲೋಕಲ್ ರೈಲಿನಲ್ಲಿ ಹೋಗುವವ. ಗಾಡಿ ಹೊರಟ ಮೇಲೆ ಹಾಕಿದರೆ ಮಂಗಳೂರು ಬರುವ ಮೊದಲು ಮುಗಿಯುತ್ತದೆ. ಕಿಟಕಿ ಸೀಟು ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೂ ನಡೆಯುತ್ತದೆ. ಇಯರ್‌ಫೋನ್ ಮಾತ್ರ ಎರಡೂ ಕಿವಿಗೆ ಬೇಕು. ಒಂದು ಕಿವಿ ಪಕ್ಕದವರ ಮಾತಿಗೆ, ಒಂದು ಪದ್ಯಕ್ಕೆ ಅಂತ ಹಂಚಿದರೆ ಎರಡೂ ತಲೆಗೆ ಹೋಗುವುದಿಲ್ಲ.

ಮೊದಲ ಸಲ ಅರ್ಥಕ್ಕೆ ತಲೆ ಹಾಕಬೇಡಿ. ನನ್ನ ಶಾಲೆ ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಹಾಡಿದರೆ ಅರ್ಧ. ಈ ಬ್ಯಾಂಡಿನ ಹಾಡುಗಾರ ಅಲೆಕ್ಸ್ ಟರ್ನರ್ ಹಾಡಿದರೆ ಅದೂ ಇಲ್ಲ. ತಾಳಮದ್ದಳೆಯಲ್ಲಿ ವಾದಕ್ಕೆ ಬಿದ್ದ ಅರ್ಥಧಾರಿಯ ಹಾಗೆ ಒಂದು ಸಾಲಿಗೆ ಎರಡು ಸಾಲಿನಷ್ಟು ಮಾತು ತುರುಕುತ್ತಾನೆ. ಅದಕ್ಕೇ ಮೊದಲ ಸಲ ಡ್ರಮ್ ಮಾತ್ರ ಕೇಳಿ. ನೀವು ಕುಂಬಳೆ ಸೀಮೆಯವರಾದರೆ ಇದು ಕಲಿಸಬೇಕಾದ ವಿದ್ಯೆಯೇ ಅಲ್ಲ. ಚೆಂಡೆಯ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಕಾಯುವ ಕಿವಿ ಸಣ್ಣದರಿಂದಲೇ ಇರುತ್ತದೆ. ಡ್ರಮ್ ಬಾರಿಸುವವ ಮ್ಯಾಟ್ ಹೆಲ್ಡರ್ಸ್. ಉಳಿದವರ ಕೈಯಲ್ಲಿ ಆಗಲೇ ಗಿಟಾರ್ ಇತ್ತು, ಅದಕ್ಕೆ ಇವನು ಡ್ರಮ್ ಕೊಂಡ. ಮೊದಲ ಪದ್ಯ ಶುರುವಾಗುವಾಗಲೇ ಅವನ ಕೈ ಗೊತ್ತಾಗುತ್ತದೆ. ಸೂಚನೆ ಇಲ್ಲ, ಪೀಠಿಕೆ ಇಲ್ಲ, ಸೀದಾ ಪೆಟ್ಟು. ನಾನು ವಾಲ್ಯೂಮ್ ಸರಿ ಮಾಡದೆ ಹಾಕಿ ಎಷ್ಟು ಸಲ ಬೆಚ್ಚಿಬಿದ್ದಿದ್ದೇನೋ.

ಎರಡನೆಯ ಸಲಕ್ಕೆ ಸಾಹಿತ್ಯ ಎದುರಿಗಿಟ್ಟುಕೊಳ್ಳಿ. ಆಗ ಗೊತ್ತಾಗುತ್ತದೆ, ಇದು ಒಂದು ರಾತ್ರಿಯ ಹಾಗೆ ಓಡುತ್ತದೆ ಅಂತ. ಸಂಜೆ ಹೊರಡುವ ಮೊದಲಿನ ಆಸೆ, ಕ್ಲಬ್ಬಿನಲ್ಲಿ ಕುಣಿತ, ಹುಡುಗಿಯನ್ನು ನೋಡುತ್ತಾ ನಿಲ್ಲುವುದು, ಪೊಲೀಸರ ವ್ಯಾನು, ಟ್ಯಾಕ್ಸಿ. ನಡುವೆ ಅಡ್ಡದಾರಿ ಹಿಡಿಯುವ ಪದ್ಯಗಳೂ ಇವೆ, ತೊಂದರೆ ಇಲ್ಲ. ರಾತ್ರಿಯಿಡೀ ಆಟ ನೋಡಿದವರಿಗೆ ಅದೂ ಅಭ್ಯಾಸ. ಬಣ್ಣದ ವೇಷ ಬಂದಾಗಲೇ ಎದ್ದು ಕೂರುತ್ತೇನೆ ಅಂತ ಮಲಗಿದವನಿಗೆ ಕಥೆ ಸಿಗುವುದಿಲ್ಲ. ಇಲ್ಲಿಯೂ ಹಾಗೆಯೇ. ಎರಡನೆಯದಾದ 'ಐ ಬೆಟ್ ಯು ಲುಕ್ ಗುಡ್ ಆನ್ ದ ಡಾನ್ಸ್‌ಫ್ಲೋರ್' ಒಂದನ್ನೇ ಕೇಳಿ ಆಲ್ಬಮ್ ಗೊತ್ತು ಅನ್ನುವವರು ಜಾಸ್ತಿ.

ಮೂರನೆಯ ಪದ್ಯ 'ಫೇಕ್ ಟೇಲ್ಸ್ ಆಫ್ ಸಾನ್ ಫ್ರಾನ್ಸಿಸ್ಕೋ' ಬಂದಾಗ ನಿಧಾನ ಮಾಡಿ. ಅದರಲ್ಲಿ ಒಂದು ಲೋಕಲ್ ಬ್ಯಾಂಡು ಅಮೆರಿಕದ ಗತ್ತು ತೋರಿಸುತ್ತದೆ. ಟರ್ನರ್ ಹೇಳುತ್ತಾನೆ, ನೀನು ನ್ಯೂಯಾರ್ಕಿನವನಲ್ಲ ಮಾರಾಯ, ರಾದರಮ್ಮಿನವ ಅಂತ. ರಾದರಮ್ ಅಂದರೆ ಶೆಫೀಲ್ಡಿನ ಪಕ್ಕದ ಪೇಟೆ. ಪೆರ್ಲದ ಹುಡುಗ ಮೂರು ದಿನ ಬೆಂಗಳೂರಿಗೆ ಹೋಗಿ ಬಂದು "ಏನ್ ಗುರು" ಅಂದರೆ ನಾವು ಹೇಗೆ ನಗುತ್ತೇವೋ ಹಾಗೆ. ಈ ಪದ್ಯ ತಿಳಿದ ದಿನ ನಾನು ಮೊಗ್ರಾಲ್ ದಾಟುವಾಗ ಒಬ್ಬನೇ ನಕ್ಕೆ. ಎದುರಿನ ಸೀಟಿನ ಹೆಂಗಸು ಚೀಲವನ್ನು ಆಚೆಗೆ ಎಳೆದುಕೊಂಡರು.

ಇನ್ನು ಭಾಷೆ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಇವರು ಹಾಡುವುದು ಟಿವಿಯ ಇಂಗ್ಲಿಷ್ ಅಲ್ಲ, ಯಾರ್ಕ್‌ಶೈರ್ ಕಡೆಯ ಮನೆಮಾತು. ಅಲ್ಲಿ ಏನೂ ಇಲ್ಲ ಅನ್ನುವುದಕ್ಕೆ 'ನೌಟ್', ಏನಾದರೂ ಅನ್ನುವುದಕ್ಕೆ 'ಔಟ್', ಏನೋ ಒಂದು ಅನ್ನುವುದಕ್ಕೆ 'ಸಮಟ್'. 'ಈಸಂಟ್' ಅನ್ನಬೇಕಾದಲ್ಲಿ 'ಇಂಟ್'. ಒಂಬತ್ತನೆಯ ಪದ್ಯದ ಹೆಸರು 'ಮಾರ್ಡಿ ಬಮ್'. ಶಾಲೆಯ ಡಿಕ್ಷನರಿಯಲ್ಲಿ ಹುಡುಕಿದೆ, ಸಿಗಲಿಲ್ಲ. ಮಾರ್ಡಿ ಅಂದರೆ ಮೋರೆ ಊದಿಸಿಕೊಂಡು ಕೂರುವುದು. ಅಷ್ಟೇ. ತಡವಾಗಿ ಬಂದ ಹುಡುಗ, ಸಿಟ್ಟಾದ ಹುಡುಗಿ, ಮೊದಲೆಲ್ಲ ಎಷ್ಟು ಚಂದ ಇತ್ತು ಅಂತ ನೆನಪಿಸುವುದು. ಮದುವೆಯಾದವರಿಗೆ ಡಿಕ್ಷನರಿ ಬೇಡ.

ನಮ್ಮ ಮನೆಯಲ್ಲಿ ಹವ್ಯಕ ಭಾಷೆ. ನಾನು ಅನ್ನುವುದಕ್ಕೆ 'ಆನು', ಹೋಗುವುದಕ್ಕೆ 'ಹೋಪದು', ಬರುವುದಕ್ಕೆ 'ಬಪ್ಪದು'. ಬಸ್ ಸ್ಟ್ಯಾಂಡಿನಲ್ಲಿ ತುಳು, ಕಚೇರಿಯ ಕಿಟಕಿಯಲ್ಲಿ ಮಲಯಾಳ. ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿ ಮೂರು ತಿಂಗಳು ಇದ್ದೆ. ನಾನು "ಎಂತ" ಅಂದರೆ ಸಾಕು, ಇಡೀ ರೂಮು ನಗುತ್ತಿತ್ತು. "ಕನ್ನಡ ಚೆನ್ನಾಗಿ ಕಲ್ತಿದೀರಾ, ಮಲಯಾಳೀನಾ?" ಅಂತ ಕೇಳಿದವರೂ ಇದ್ದರು. ಅತ್ತ ತಿರುವನಂತಪುರಕ್ಕೆ ಪರೀಕ್ಷೆಗೆ ಹೋದರೆ ಅಲ್ಲಿ ನಾನು ಕನ್ನಡಕ್ಕಾರನ್. 1956ರ ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದದ್ದು ನನ್ನ ಅಜ್ಜನ ಕಾಲದಲ್ಲಿ, ಉತ್ತರ ಹೇಳುವುದು ಮಾತ್ರ ನಾನು. ಆಲ್ಬಮ್ಮಿನ ಹೆಸರನ್ನು ಕನ್ನಡಕ್ಕೆ ತಂದು ನೋಡಿ: ಜನ ನನ್ನನ್ನು ಏನು ಅನ್ನುತ್ತಾರೋ ಅದು ನಾನಲ್ಲ. ಅಲನ್ ಸಿಲಿಟೋ 1958ರಲ್ಲಿ ಬರೆದ ಕಾದಂಬರಿಯಿಂದ ತೆಗೆದ ಮಾತು ಅದು. ಅದರ ನಾಯಕ ಸೈಕಲ್ ಕಾರ್ಖಾನೆಯ ಕೆಲಸಗಾರ. ನನಗೆ ಇದು ತಿಳಿದದ್ದು ಮಂಜೇಶ್ವರದಲ್ಲಿ ಗಾಡಿ ಸಿಗ್ನಲ್ಲಿಗೆ ಕಾಯುವಾಗ, ಫೋನ್ ಒತ್ತುತ್ತಾ ಕೂತಿದ್ದಾಗ.

ಎಂಟನೆಯದು 'ರೆಡ್ ಲೈಟ್ ಇಂಡಿಕೇಟ್ಸ್ ಡೋರ್ಸ್ ಆರ್ ಸೆಕ್ಯೂರ್ಡ್'. ಈ ಹೆಸರು ನೋಡಿ ಏನೋ ದೊಡ್ಡ ತತ್ವ ಅಂದುಕೊಂಡಿದ್ದೆ. ಅಲ್ಲಿಯ ಟ್ಯಾಕ್ಸಿಯಲ್ಲಿ ಬಾಗಿಲು ಲಾಕ್ ಆದರೆ ಕೆಂಪು ದೀಪ ಉರಿಯುತ್ತದೆ. ಕುಡಿದ ಹುಡುಗರು ಬಾಡಿಗೆ ಕೊಡದೆ ಹಾರಿ ಓಡಲು ನೋಡುತ್ತಾರೆ, ದೀಪ ಉರಿಯುತ್ತಿರುತ್ತದೆ. ಹತ್ತನೆಯ ಪದ್ಯ ನನಗೆ ಎಳೆದ ಹಾಗೆ ಅನ್ನಿಸುತ್ತದೆ, ಆ ಹೊತ್ತಿಗೆ ಚಹಾ ಕುಡಿಯಿರಿ. ಹನ್ನೊಂದನೆಯದಕ್ಕೆ ಕಪ್ ಕೆಳಗಿಡಿ. 'ವೆನ್ ದ ಸನ್ ಗೋಸ್ ಡೌನ್' ಒಂದು ಗಿಟಾರ್, ಒಂದು ದನಿಯಲ್ಲಿ ಮೆಲ್ಲಗೆ ಶುರುವಾಗಿ ಒಮ್ಮೆಗೇ ಸಿಡಿಯುತ್ತದೆ. ಅವರು ಪ್ರಾಕ್ಟೀಸ್ ಮಾಡುತ್ತಿದ್ದ ಜಾಗದ ಆಚೀಚೆ, ರಾತ್ರಿ ಬೀದಿಯಲ್ಲಿ ಗಿರಾಕಿಗೆ ಕಾಯುವ ಹುಡುಗಿಯರನ್ನು ನೋಡಿ ಬರೆದದ್ದು. ಬರೆದವನಿಗೆ ಆಲ್ಬಮ್ ಬಂದಾಗ 20 ತುಂಬಿ ಮೂರು ವಾರವೂ ಆಗಿರಲಿಲ್ಲ.

ಮೊದಲ ವಾರದಲ್ಲೇ ಬ್ರಿಟನ್ನಿನಲ್ಲಿ 3,63,735 ಪ್ರತಿ ಹೋಯಿತು. ಆಗ ಒಂದು ಬ್ಯಾಂಡಿನ ಮೊದಲ ಆಲ್ಬಮ್ಮಿಗೆ ಅದು ದಾಖಲೆ. ಅದೇ ವರ್ಷ, ಅಲ್ಲಿ ವರ್ಷದ ಒಳ್ಳೆಯ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯೂ ಬಂತು. ಅದಕ್ಕಿಂತ ನನಗೆ ಹಿಡಿಸುವ ಸಂಗತಿ ಬೇರೆ. ಶುರುವಿಗೆ ಇವರು ತಾವೇ ಕಾಪಿ ಮಾಡಿದ ಸೀಡಿಗಳನ್ನು ಕಾರ್ಯಕ್ರಮಕ್ಕೆ ಬಂದವರಿಗೆ ಸುಮ್ನೆ ಹಂಚುತ್ತಿದ್ದರು. ತೆಗೆದುಕೊಂಡವರು ಇಂಟರ್ನೆಟ್ಟಿಗೆ ಹಾಕಿದರು. ಆಲ್ಬಮ್ ಬರುವ ಮೊದಲೇ ಜನರಿಗೆ ಪದ್ಯಗಳು ಬಾಯಿಪಾಠ.

ಕೊನೆಯ ಪದ್ಯಕ್ಕೆ ಐದೂವರೆ ನಿಮಿಷ ಇಟ್ಟುಕೊಳ್ಳಿ. ಮೊದಲು ಊರಿನ ಪುಂಡು ಹುಡುಗರನ್ನು ಬೈಯುತ್ತಾ ಹೋಗುತ್ತದೆ. ಅವರ ಶೂ, ಅವರ ಜಗಳ, ಅವರಿಗೆ ಸಂಗೀತ ಅಂದರೆ ರಿಂಗ್‌ಟೋನ್ ಮಾತ್ರ ಅಂತ. ಆಮೇಲೆ ತಿರುಗುತ್ತದೆ. ಅಗೋ ಅಲ್ಲಿ ನಿಂತವರು ನನ್ನ ಗೆಳೆಯರೇ, ಗೆರೆ ದಾಟಿದರೂ ಅವರ ಮೇಲೆ ಆ ಥರ ಸಿಟ್ಟು ಬರುವುದಿಲ್ಲ ಅನ್ನುತ್ತಾನೆ. ಮಾತು ಮುಗಿದ ಮೇಲೆ ವಾದ್ಯ ಮಾತ್ರ ಉಳಿಯುತ್ತದೆ. ಆಗ ಇಯರ್‌ಫೋನ್ ತೆಗೆಯಬೇಡಿ. ನನ್ನ ಲೆಕ್ಕ ಸರಿಯಾದ ದಿನ ಅದು ನೇತ್ರಾವತಿ ಸೇತುವೆಯ ಮೇಲೆ ಬರುತ್ತದೆ. ಹನ್ನೆರಡು ಪದ್ಯ ಮೊದಲು ಕೇಳಿ ಆಮೇಲೆ ಇದನ್ನು ಕೇಳಿದ ಆ ಮೊದಲ ದಿನ, ಎರಡು ವರ್ಷ ಪ್ಲೇಯರಿನಲ್ಲಿ ಮೊದಲಿಗೆ ಬರುತ್ತಿದ್ದ ಪದ್ಯ ಇದೇನಾ ಅಂತ ಹೆಸರನ್ನು ಎರಡು ಸಲ ಓದಿದೆ.

ಮೊನ್ನೆ ಅಣ್ಣನ ಮಗ ಕೇಳಿದ ಅಂತ ಹಳೆಯ ಪೆನ್‌ಡ್ರೈವ್ ಹುಡುಕಿ, 01ರಿಂದ 13ರವರೆಗೆ ಫೈಲುಗಳಿಗೆ ನಂಬರ್ ಹಾಕಿ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿದ.

"ಅಪ್ಪಚ್ಚಿ, ಇದನ್ನು ಎಲ್ಲಿಗೆ ಚುಚ್ಚುವುದು? ನನ್ನ ಫೋನಿನಲ್ಲಿ ಇಷ್ಟು ದೊಡ್ಡ ತೂತೇ ಇಲ್ಲ."