ಎದೆಯ ಗಡ್ಡೆ ಬೆನ್ನುಮೂಳೆಗೆ ಹೋಗೋದು ಹೇಗೆ? ಲ್ಯಾಬಲ್ಲಿ ಅದನ್ನ ಕಣ್ಣಾರೆ ನೋಡೋದು ಹೇಗೆ?

ಕೊಡಗಿನ ನಾಪೋಕ್ಲಲ್ಲಿರೋ ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಆರು ವರ್ಷ ಆಗಿತ್ತು, ಎಲ್ಲಾ ವಾಸಿಯಾಯ್ತು ಅಂತಾನೇ ನಾವೆಲ್ಲ ಅಂದ್ಕೊಂಡಿದ್ವಿ. ಈ ಸಲ ಕಾಫಿ ಕುಯ್ಲಿನ ಟೈಮಲ್ಲಿ ಬೆನ್ನುನೋವು ಶುರುವಾಯ್ತು, ಬಗ್ಗಿ ಎದ್ದು ಮೂಟೆ ಎಳೆದು ಬಂದಿರುತ್ತೆ ಬಿಡು ಅಂತ ಎಣ್ಣೆ ತಿಕ್ಕೊಂಡು ಎರಡು ತಿಂಗಳು ಕಳೆದ್ರು, ಆಮೇಲೆ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದ್ರೆ ಮೂಳೆಗೆ ಹರಡಿದೆ ಅಂತ ಬಂತು. ವಾಪಸ್ ಬರ್ತಾ ಕಾರಲ್ಲಿ "ಗಡ್ಡೇನ ಪೂರ್ತಿ ತೆಗೆದಿದ್ರಲ್ಲ ಮಗಾ, ಎದೇಲಿದ್ದಿದ್ದು ಬೆನ್ನಿಗೆ ಹೇಗೆ ಹೋಯ್ತು?" ಅಂತ ಕೇಳಿದ್ರು. ಎಂಎಸ್ಸಿ ಪ್ರಾಜೆಕ್ಟಿಗೆ ಇದೇ ವಿಷಯದ ಮೇಲೆ ತಿಂಗಳುಗಟ್ಟಲೆ ಮೈಕ್ರೋಸ್ಕೋಪ್ ಮುಂದೆ ಕೂತಿದ್ದವಳು ನಾನು, ಆದ್ರೂ ಆ ಹೊತ್ತಿಗೆ ಸರಿಯಾಗಿ ಹೇಳೋಕೆ ಬರ್ಲಿಲ್ಲ. ಈಗ ಬರೀತಿದ್ದೀನಿ.

ಜೇನಿಂದ ಶುರು ಮಾಡೋಣ. ಪೆಟ್ಟಿಗೆಯಲ್ಲಿರೋ ರಾಣಿ ಮತ್ತೆ ಕೆಲಸಗಾರ ನೊಣ ಎರಡೂ ಹುಟ್ಟೋದು ಒಂದೇ ಥರದ ಮೊಟ್ಟೆಯಿಂದ, ಜೀನ್‌ಗಳಲ್ಲಿ ವ್ಯತ್ಯಾಸ ಇಲ್ಲ. ಮರಿಗೆ ಕೊನೇವರೆಗೂ ರಾಯಲ್ ಜೆಲ್ಲಿ ತಿನ್ನಿಸಿದ್ರೆ ರಾಣಿ, ಮೂರು ದಿನದ ಮೇಲೆ ಪರಾಗ ಜೇನುತುಪ್ಪಕ್ಕೆ ಬದಲಾಯಿಸಿದ್ರೆ ಕೆಲಸಗಾರ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮರಿಗಳಲ್ಲಿ ಡಿಎನ್‌ಎಂಟಿ3 ಅನ್ನೋ ಒಂದು ಎನ್‌ಜೈಮನ್ನ ಕಮ್ಮಿ ಮಾಡಿ ನೋಡಿದ್ರು, ಹೆಚ್ಚಿನವು ರಾಣಿಗಳ ಥರಾನೇ ಬೆಳೆದ್ವು. ಅಂದ್ರೆ ಪುಸ್ತಕ ಅದೇ, ಯಾವ ಪುಟ ತೆರೆದಿರ್ಬೇಕು ಯಾವ್ದು ಮುಚ್ಚಿರ್ಬೇಕು ಅನ್ನೋದಷ್ಟೇ ಬದಲಾಗಿದ್ದು. ಇದೇ ಎಪಿಜೆನೆಟಿಕ್ಸ್.

ನಮ್ಮ ಒಂದೊಂದು ಸೆಲ್ಲಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಇರುತ್ತೆ, ಅದು ಹಿಸ್ಟೋನ್ ಅನ್ನೋ ಪ್ರೋಟೀನ್ ಉಂಡೆಗಳಿಗೆ ದಾರದ ಥರ ಸುತ್ಕೊಂಡಿರುತ್ತೆ. ಬಿಗಿಯಾಗಿ ಸುತ್ತಿರೋ ಕಡೆ ಜೀನ್ ಓದೋಕಾಗಲ್ಲ, ಸಡಿಲ ಇರೋ ಕಡೆ ಓದಬಹುದು. ಇದನ್ನ ನಿಭಾಯಿಸೋ ಎನ್‌ಜೈಮ್‌ಗಳಲ್ಲಿ ಮೂರು ಥರ ನೋಡೋಣ. ಜೇನಲ್ಲಿ ನೋಡಿದ ಡಿಎನ್‌ಎಂಟಿ ಥರದವು ಡಿಎನ್‌ಎ ಮೇಲೇನೇ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತು ಹಾಕ್ತವೆ, ಇಝೆಡ್‌ಎಚ್2 ಅದನ್ನ ಹಿಸ್ಟೋನಿನ ಬಾಲದ ಮೇಲೆ ಹಾಕುತ್ತೆ, ಎಚ್‌ಡ್ಯಾಕ್‌ಗಳು ಸುತ್ತನ್ನ ಸಡಿಲ ಇಡೋ ಅಸಿಟೈಲ್ ಗುರುತನ್ನ ಕಿತ್ತು ಹಾಕ್ತವೆ, ಮೂರೂ ಸಾಮಾನ್ಯವಾಗಿ ಜೀನನ್ನ ಮುಚ್ಚೋ ಕೆಲಸಾನೇ. ಇದರಲ್ಲಿ ಇಝೆಡ್‌ಎಚ್2 ಹೆಸರು ನೆನಪಿಟ್ಕೊಳ್ಳಿ, ಪ್ರಾಸ್ಟೇಟ್ ಕ್ಯಾನ್ಸರಲ್ಲಿ ಹರಡಿದ ಗಡ್ಡೆಗಳಲ್ಲಿ ಅದು ಜಾಸ್ತಿ ಇರುತ್ತೆ ಅಂತ 2002ರಲ್ಲೇ ತೋರಿಸಿದ್ರು.

ಎದೆಯ ಹಾಲಿನ ನಾಳದ ಸೆಲ್‌ಗಳು ಪಕ್ಕಪಕ್ಕ ಅಂಟ್ಕೊಂಡು ಕೂತಿರೋದು ಇ-ಕ್ಯಾಡ್‌ಹೆರಿನ್ ಅನ್ನೋ ಅಂಟಿನಿಂದ. ಕ್ಯಾನ್ಸರ್ ಸೆಲ್ಲಲ್ಲಿ ಸ್ನೇಲ್ ಅನ್ನೋ ಪ್ರೋಟೀನ್ ಜಾಸ್ತಿಯಾದ್ರೆ ಅದು ಈ ಅಂಟಿನ ಜೀನ್ ಹತ್ರ ಹೋಗಿ ಕೂರುತ್ತೆ, ಎಚ್‌ಡ್ಯಾಕನ್ನೂ ಇಝೆಡ್‌ಎಚ್2ನ್ನೂ ಅಲ್ಲಿಗೇ ಕರೆಸ್ಕೊಳ್ಳುತ್ತೆ, ಜೀನ್ ಮುಚ್ಚುತ್ತೆ. ಜೀನ್ ಕೆಟ್ಟಿಲ್ಲ, ಬೀಗ ಬಿದ್ದಿದೆ ಅಷ್ಟೇ. ಅಂಟು ಹೋದ ಸೆಲ್ಲು ಉದ್ದಕ್ಕೆ ಎಳ್ಕೊಂಡು ಪಕ್ಕದವರನ್ನ ಬಿಟ್ಟು ಹರಿದಾಡೋಕೆ ಶುರು ಮಾಡುತ್ತೆ, ಆಮೇಲೆ ರಕ್ತನಾಳ ಸೇರುತ್ತೆ, ಅಲ್ಲಿಂದ ಎಲ್ಲಿಗೆ ಬೇಕಾದ್ರೂ.

ಈಗ ಲ್ಯಾಬಿನ ಕೆಲಸ. ಇಝೆಡ್‌ಎಚ್2 ಥರ ಜೀನ್ ಮುಚ್ಚೋ ತೆರೆಯೋ ಒಂದು ರೆಗ್ಯುಲೇಟರ್ ನಿಜವಾಗ್ಲೂ ಸೆಲ್ಲನ್ನ ಓಡಿಸ್ತಿದೆಯಾ ಅಂತ ನೋಡೋ ಅತ್ಯಂತ ಸರಳ ಪ್ರಯೋಗಕ್ಕೆ ಸ್ಕ್ರ್ಯಾಚ್ ಅಸ್ಸೇ ಅಂತಾರೆ. ಆರು ಗುಂಡಿಯ ಪ್ಲೇಟಲ್ಲಿ ಎಂಡಿಎ-ಎಂಬಿ-231 ಸೆಲ್ ಬೆಳೆಸ್ಬೇಕು, ಇದು ಹರಡೋ ಸ್ವಭಾವದ ಸ್ತನ ಕ್ಯಾನ್ಸರ್ ಸೆಲ್, ಇದರಲ್ಲಿ ಇ-ಕ್ಯಾಡ್‌ಹೆರಿನ್ ಜೀನ್ ಮೀಥೈಲ್ ಗುರುತಿಂದ ಮುಚ್ಚಿರುತ್ತೆ. ಎಂಸಿಎಫ್-7 ಅನ್ನೋ ಇನ್ನೊಂದು ಸ್ತನ ಕ್ಯಾನ್ಸರ್ ಸೆಲ್ ಬೆಳೆಸಿದ್ರೆ ಅವು ಒಂದಕ್ಕೊಂದು ಒತ್ಕೊಂಡು ಗುಂಪಾಗಿ ಕೂತಿರ್ತವೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಪಾಠಾನೇ ಬೇಡ. ಅರ್ಧ ಗುಂಡಿಗಳಿಗೆ ಇಝೆಡ್‌ಎಚ್2 ತಡೆಯೋ ಔಷಧಿ, ಉಳಿದವಕ್ಕೆ ಅದನ್ನ ಕರಗಿಸಿದ ದ್ರಾವಣ ಮಾತ್ರ. ಇಲ್ಲಿ ಅವಸರ ಬೇಡ, ಹಳೇ ಗುರುತುಗಳು ಸೆಲ್ ಒಡೆದು ಎರಡಾಗ್ತಾ ಆಗ್ತಾ ಕಮ್ಮಿಯಾಗೋದು, ಹಾಗಾಗಿ ಗೀರು ಹಾಕೋಕೆ ಮುಂಚೆ ಕೆಲವು ದಿನ ಔಷಧಿ ಕೊಡ್ಲೇಬೇಕು, ನಾನು ಮೊದಲನೇ ಸಲ ಒಂದೇ ದಿನ ಕೊಟ್ಟು ಏನೂ ಆಗ್ಲಿಲ್ಲ ಅಂತ ಒಂದು ವಾರ ಪೂರ್ತಿ ಕಳ್ಕೊಂಡೆ.

ಸೆಲ್‌ಗಳು ತಳ ಪೂರ್ತಿ ಚಾಪೆ ಹಾಸಿದ ಹಾಗೆ ತುಂಬಿದ ಮೇಲೆ ಹಳದಿ ಪಿಪೆಟ್ ಟಿಪ್ಪಿಂದ ಮಧ್ಯದಲ್ಲಿ ಒಂದು ನೇರ ಗೀರು. ಕೈ ನಡುಗಿದ್ರೆ ಅಂಚು ಹಲ್ಲುಹಲ್ಲಾಗಿ ಲೆಕ್ಕ ಕೆಡುತ್ತೆ. ಎದ್ದು ತೇಲೋ ಸೆಲ್‌ಗಳನ್ನ ಎರಡು ಸಲ ತೊಳೆದು ತೆಗೀರಿ, ಸೀರಮ್ (ಸೆಲ್ ಬೆಳೆಯೋಕೆ ಹಾಕೋ ರಕ್ತದ ತಿಳಿ) ಕಮ್ಮಿ ಇರೋ ಮೀಡಿಯಾ, ಅಂದ್ರೆ ಪೋಷಕ ದ್ರಾವಣ ಹಾಕಿ, ಯಾಕಂದ್ರೆ ಸೆಲ್ ಸಂಖ್ಯೆ ಬೆಳೆದೇ ಗ್ಯಾಪ್ ಮುಚ್ಚಿದ್ರೆ ಅದು ನಡಿಗೆ ಅಲ್ಲ. ಪ್ಲೇಟಿನ ಹಿಂದೆ ಮಾರ್ಕರಿಂದ ಗುರುತು ಮಾಡಿ ಈಗೊಂದು ಫೋಟೋ, 24 ಗಂಟೆ ಬಿಟ್ಟು ಅದೇ ಜಾಗದಲ್ಲಿ ಇನ್ನೊಂದು. ಅಂಚಿನ ಸೆಲ್‌ಗಳು ಮುಂದಕ್ಕೆ ಒಂದು ತೆಳು ಪಾದ ಚಾಚಿ ಖಾಲಿ ಜಾಗಕ್ಕೆ ಹರಿದು ಬಂದಿರೋದನ್ನ ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಅಂತು. ಔಷಧಿ ಕೊಟ್ಟ ಗುಂಡೀಲೂ ಕೊಡದ ಗುಂಡೀಲೂ ಗ್ಯಾಪ್ ಎಷ್ಟು ಉಳೀತು ಅಂತ ಅಳೀರಿ, ಔಷಧಿ ಕಡೆ ಜಾಸ್ತಿ ಉಳಿದಿದ್ರೆ ಇಝೆಡ್‌ಎಚ್2 ಸೆಲ್ಲನ್ನ ಓಡಿಸ್ತಿತ್ತು ಅನ್ನೋದಕ್ಕೆ ಅದೊಂದು ಸುಳಿವು, ಕಮ್ಮಿ ಅಂದ್ರೂ ಮೂರು ಸಲ ಪ್ರಯೋಗ ಪೂರ್ತಿ ಮತ್ತೆ ಮಾಡಿ. ಜೊತೆಗೆ ಔಷಧಿ ಬಿಟ್ಟು ಇಝೆಡ್‌ಎಚ್2 ಜೀನನ್ನೇ ಕಮ್ಮಿ ಮಾಡಿ ನೋಡ್ಬೇಕು, ಔಷಧಿಗೆ ಬೇರೆ ಪರಿಣಾಮ ಇದ್ರೆ ಆಗ ಸಿಕ್ಕಿಬೀಳುತ್ತೆ. ಅಂಗಾಂಶ ತೂರಿ ಹೋಗುತ್ತಾ ಅಂತ ತಿಳೀಬೇಕಂದ್ರೆ ಪ್ರೋಟೀನ್ ಜೆಲ್ ಬಳಿದ 8 ಮೈಕ್ರಾನ್ ತೂತಿನ ಪೊರೆ ಇಟ್ಟು ಕೆಳಗಡೆ ಸೀರಮ್ ಆಸೆ ತೋರಿಸ್ತಾರೆ, ಇಳಿದು ಬಂದವನ್ನ ಬಣ್ಣ ಹಾಕಿ ಎಣಿಸ್ತಾರೆ.

ಪ್ಲೇಟಲ್ಲಿ ನಡೆದದ್ದೆಲ್ಲ ಮೂಳೆ ಸೇರಲ್ಲ, ರಕ್ತಕ್ಕೆ ಬಿದ್ದ ಸೆಲ್‌ಗಳಲ್ಲಿ ಹೆಚ್ಚಿನವು ಸಾಯ್ತವೆ. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಅನ್ನೋ ಇಂಗ್ಲಿಷ್ ಸರ್ಜನ್ ಸ್ತನ ಕ್ಯಾನ್ಸರಿಂದ ತೀರಿಕೊಂಡ 735 ಜನರ ವಿವರ ಜೋಡಿಸಿ ನೋಡಿ, ಬೀಜಕ್ಕೆ ಒಗ್ಗೋ ಮಣ್ಣು ಬೇಕು ಅಂದಿದ್ರು. ಏಲಕ್ಕಿ ಸಸೀನ ನೆರಳಿಲ್ಲದ ಬಯಲಲ್ಲಿ ನೆಟ್ಟು ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಸ್ತನ ಕ್ಯಾನ್ಸರಿಗೆ ಒಗ್ಗೋ ಮಣ್ಣುಗಳಲ್ಲಿ ಮೂಳೆ ಒಂದು. ಅಲ್ಲಿಗೆ ಹೋದ ಸೆಲ್ ವರ್ಷಗಟ್ಟಲೆ ಮಲಗಿರಬಹುದು, ಬಿರು ಬಿಸಿಲಲ್ಲಿ ರೊಬಸ್ಟಾ ಮೊಗ್ಗು ಗಿಡದಲ್ಲಿ ಸುಮ್ಮನೆ ಕಾದು ಕೂತು ಹೂಮಳೆ ಬಿದ್ದ ಹತ್ತು ದಿನದೊಳಗೆ ತೋಟ ಬೆಳ್ಳಗಾಗಲ್ವಾ, ಹಾಗೆ. ಮಲಗಿಸಿ ಇಡೋದ್ರಲ್ಲೂ ಎಪಿಜೆನೆಟಿಕ್ ಗುರುತುಗಳ ಕೈವಾಡ ಇದೆ. ದೊಡ್ಡಮ್ಮನ ಆರು ವರ್ಷ ಅಂದ್ರೆ ಬಹುಶಃ ಇದೇ, ಆಪರೇಷನ್ನಿಗೆ ಮುಂಚೆನೇ ಕೆಲವು ಸೆಲ್ ಹೊರಟು ಹೋಗಿದ್ವು.

ಇಷ್ಟನ್ನೂ ಹೇಳಿದ ಮೇಲೆ ಅವ್ರು "ಬೀಗ ಅಂದ್ಮೇಲೆ ತೆಗೆಯೋಕೂ ಬರ್ಬೇಕಲ್ಲ?" ಅಂದ್ರು. ಬರುತ್ತೆ. ಡಿಎನ್‌ಎಂಟಿ ತಡೆಯೋ ಅಝಸೈಟಿಡಿನ್ 2004ರಿಂದ, ಎಚ್‌ಡ್ಯಾಕ್ ತಡೆಯೋ ವೊರಿನೋಸ್ಟ್ಯಾಟ್ 2006ರಿಂದ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಬಳಕೆಗೆ ಬಂದ್ವು, ಆದ್ರೆ ಅವು ರಕ್ತ ಮತ್ತು ಲಿಂಫೋಮಾ ಥರದ ರೋಗಗಳಿಗೆ. ಇಝೆಡ್‌ಎಚ್2 ತಡೆಯೋ ಟಾಝೆಮೆಟೋಸ್ಟ್ಯಾಟಿಗೆ 2020ರಲ್ಲಿ ಸಾರ್ಕೋಮಾ ಅನ್ನೋ ಗುಂಪಿನ ಒಂದು ಅಪರೂಪದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ತು. ಹರಡೋದನ್ನ ತಡೀತೀವಿ ಅಂತ ಸ್ತನ ಕ್ಯಾನ್ಸರಿಗೆ ಇವನ್ನ ಮಾಮೂಲಾಗಿ ಕೊಡಲ್ಲ, ಕಾರಣಾನೂ ಇದೆ. ಮೀಥೈಲ್ ಗುರುತು ಎಲ್ಲಾ ಕಡೆ ಅಳಿಸಿದ್ರೆ ಅಂಟಿನ ಜೀನ್ ಜೊತೆ ಅಂಗಾಂಶ ಕೊರೆಯೋ ಜೀನೂ ತೆರ್ಕೊಳ್ಳಬಹುದು, ಎಂಸಿಎಫ್-7 ಸೆಲ್‌ಗಳಿಗೆ ಯುಪಿಎ ಅನ್ನೋ ಅಂಥದ್ದೇ ಒಂದು ಜೀನ್ ವಿಷಯದಲ್ಲಿ ಲ್ಯಾಬಲ್ಲಿ ಹಾಗೇ ಆಗಿದೆ. ಇನ್ನೊಂದು, ಹೊಸ ಜಾಗದಲ್ಲಿ ಬೇರು ಬಿಡುವಾಗ ಎಷ್ಟೋ ಸೆಲ್‌ಗಳು ತಾವೇ ಇ-ಕ್ಯಾಡ್‌ಹೆರಿನ್ ವಾಪಸ್ ತಂದ್ಕೊಳ್ತವೆ, ಆಗ ಬೀಗ ತೆಗೆದ್ರೆ ನಾವೇ ಸಹಾಯ ಮಾಡಿದ ಹಾಗಾಗಬಹುದು.

ದೊಡ್ಡಮ್ಮನಿಗೆ ಈಗ ಹಾರ್ಮೋನ್ ಮಾತ್ರೆ, ಮೂಳೆ ಗಟ್ಟಿಯಾಗೋಕೆ ಇಂಜೆಕ್ಷನ್ ನಡೀತಿದೆ, ನೋವು ಕಮ್ಮಿಯಾಗಿದೆ. ಹಿಂದೆ ಕ್ಯಾನ್ಸರ್ ಆಗಿದ್ದವರು ನಿಮ್ಮ ಮನೇಲಿದ್ರೆ, ಎಷ್ಟೇ ವರ್ಷ ಆಗಿರ್ಲಿ, ಬೆನ್ನುನೋವು ಎರಡು ವಾರ ದಾಟಿದ್ರೆ ಅಥವಾ ರಾತ್ರಿ ಮಲಗಿದಾಗ ಜಾಸ್ತಿ ಆದ್ರೆ ಕುಯ್ಲಿನ ನೋವು ಅಂತ ಬಿಡ್ಬೇಡಿ, ಹಳೇ ಫೈಲ್ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ. ಕಾಲಲ್ಲಿ ಶಕ್ತಿ ಕಮ್ಮಿ ಅನ್ಸಿದ್ರೆ ಅವತ್ತೇ ಹೊರಡಿ.