ಆಮೆಮರಿಯ ಗೂಡಿಗೆ ಯಾವ ಹಾಸು ಹಾಕಿದೆ, ಯಾವುದನ್ನು ಬಿಟ್ಟೆ

ನಾನು ಸಾಕುತ್ತಿರುವುದು ಸುಲ್ಕಾಟಾ ಆಮೆಮರಿ. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನುದ್ದಕ್ಕೂ ಇರುವ ಜಾತಿ ಇದು. ಹಾಗಂದ ಕೂಡಲೇ ಎಲ್ಲರೂ ಕೊಡುವ ಸಲಹೆ ಒಂದೇ: ಮರಳು ಹಾಕು, ಗೂಡು ಒಣಗಿರಲಿ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಈ ಆಮೆ ಬಿರುಬಿಸಿಲಲ್ಲಿ ಬಯಲಿನ ಮೇಲೆ ಬಿದ್ದುಕೊಂಡು ಬದುಕುವ ಪ್ರಾಣಿ ಅಲ್ಲ. ಬಿಲ ತೋಡುತ್ತದೆ. ಮರಿಗಳಂತೂ ದಿನದ ಹೆಚ್ಚು ಹೊತ್ತು ಮಣ್ಣಿನೊಳಗೆ, ಗಿಡದ ಬುಡದಲ್ಲಿ ಅಡಗಿರುತ್ತವೆ. ಮೇಲೆ ಎಷ್ಟೇ ಒಣಗಿದ್ದರೂ ಅಲ್ಲಿ ಒಳಗೆ ತೇವ ಇರುತ್ತದೆ.

ಈ ತೇವ ಯಾಕೆ ಮುಖ್ಯ ಅಂದರೆ, ಚಿಪ್ಪು ತುಂಬಾ ವೇಗವಾಗಿ ಬೆಳೆಯುವುದು ಈ ವಯಸ್ಸಿನಲ್ಲೇ. ಗಾಳಿ ಒಣಗಿದ್ದರೆ ಚಿಪ್ಪಿನ ಒಂದೊಂದು ಬಿಲ್ಲೆಯೂ ಮೇಲಕ್ಕೆ ಉಬ್ಬುತ್ತಾ ಹೋಗುತ್ತದೆ. ಇದನ್ನು ಪಿರಮಿಡಿಂಗ್ ಅನ್ನುತ್ತಾರೆ. ಮೊದಲೆಲ್ಲ ಪ್ರೋಟೀನ್ ಜಾಸ್ತಿ ತಿನ್ನಿಸಿದ್ದೇ ಇದಕ್ಕೆ ಕಾರಣ ಅನ್ನುತ್ತಿದ್ದರು. 2003ರಲ್ಲಿ ಸುಲ್ಕಾಟಾ ಮರಿಗಳ ಮೇಲೆಯೇ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಪ್ರೋಟೀನ್‌ಗಿಂತ ಗಾಳಿಯ ತೇವಾಂಶದ ಪಾತ್ರವೇ ದೊಡ್ಡದು ಎಂದು ಅದರಲ್ಲಿ ಕಂಡುಬಂತು. ಒಮ್ಮೆ ಉಬ್ಬಿದ ಚಿಪ್ಪು ಮತ್ತೆ ಚಪ್ಪಟೆ ಆಗುವುದಿಲ್ಲ.

ಹಾಗಾಗಿ ಹಾಸು ಅಂದರೆ ನನಗೆ ಸುಮ್ನೆ ನೆಲದ ಮೇಲೆ ಹರಡುವ ವಸ್ತು ಅಲ್ಲ. ಗೂಡಿನ ನೀರಿನ ಸಂಗ್ರಹವೇ ಅದು. ಯಾವ ಹಾಸು ಕೈಗೆ ಬಂದರೂ ಎರಡೇ ಪ್ರಶ್ನೆ ಕೇಳಿಕೊಂಡೆ. ಮರಿಯ ಬಾಯಿಗೆ ಹೋದರೆ ಏನಾಗುತ್ತದೆ? ಒದ್ದೆಯಾದರೆ ಏನಾಗುತ್ತದೆ? ಪೊಟ್ಟಣದ ಮೇಲೆ "ಸರೀಸೃಪಗಳಿಗೆ ಸುರಕ್ಷಿತ" ಎಂದು ಬರೆದಿರುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಲ್ಲಿಗೂ ಹಾವಿಗೂ ಆಮೆಗೂ ಒಂದೇ ಹಾಸು ಹೇಗೆ ಸರಿಹೋಗುತ್ತದೆ?

ಮೊದಲ ಪ್ರಶ್ನೆಯಲ್ಲೇ ಮರಳು ಬಿದ್ದುಹೋಯಿತು. ಎಲೆಗೆ ಅಂಟಿದ ಮರಳು ಎಲೆಯ ಜೊತೆಗೇ ಹೊಟ್ಟೆಗೆ ಹೋಗುತ್ತದೆ, ಕರುಳಿನಲ್ಲಿ ಕೂತುಕೊಳ್ಳುತ್ತದೆ. ಕಟ್ಟಿಕೊಂಡರೆ ಅಂಗೈಯಷ್ಟೂ ಇಲ್ಲದ ಮರಿಗೆ ಪ್ರಾಣಾಪಾಯ. "ಜೀರ್ಣವಾಗುವ ಕ್ಯಾಲ್ಸಿಯಂ ಮರಳು" ಅಂತ ಬಣ್ಣ ಹಾಕಿ ಮಾರುತ್ತಾರಲ್ಲ, ಅದು ಇನ್ನೂ ಕೆಟ್ಟದ್ದು. ಒದ್ದೆಯಾದರೆ ಗಟ್ಟಿಯಾಗುತ್ತದೆ. ಜೊತೆಗೆ ಕ್ಯಾಲ್ಸಿಯಂ ಇದೆ ಅಂತ ಪ್ರಾಣಿ ಅದನ್ನೇ ನೆಕ್ಕುವ ಸಂಭವವೂ ಇದೆ. ಒಡೆದ ವಾಲ್‌ನಟ್ ಚಿಪ್ಪಿನ ಅಂಚು ಚೂಪು. ಜೋಳದ ದಿಂಡಿನ ಚೂರು, ಮೊಲಗಳಿಗೆ ಕೊಡುವ ಹುಲ್ಲಿನ ಗುಳಿಗೆ ಎರಡೂ ಒದ್ದೆಯಾದರೆ ಬೂಸ್ಟು ಹಿಡಿಯುತ್ತವೆ. ಒಣಗಿದ್ದರೆ ಇದ್ದಬದ್ದ ತೇವವನ್ನೂ ಹೀರುತ್ತವೆ.

ಮರದ ಹೊಟ್ಟಿನ ವಿಷಯದಲ್ಲಿ ಮೂಗೇ ಒಳ್ಳೆಯ ಪರೀಕ್ಷಕ. ದೇವದಾರು ಜಾತಿಯ ಸೀಡರ್ ಮರದ ಹೊಟ್ಟಿನ ಚೀಲ ತೆರೆದರೆ ಘಮ್ಮೆನ್ನುತ್ತದೆ. ಆ ಪರಿಮಳವೇ ತೊಂದರೆ. ಅದರ ಎಣ್ಣೆಯಂಶ ಆವಿಯಾಗಿ ಗೂಡಿನಲ್ಲೇ ನಿಲ್ಲುತ್ತದೆ, ಶ್ವಾಸಕೋಶವನ್ನೂ ಯಕೃತ್ತನ್ನೂ ಕಾಡುತ್ತದೆ. ಪೈನ್ ಮರದ ಹಸಿ ಹೊಟ್ಟನ್ನೂ ಅದೇ ಕಾರಣಕ್ಕೆ ಬಿಟ್ಟೆ. ಕಾರ್ಪೆಟ್ ತರಹದ ಹಾಸಿನ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ, ಅದರಲ್ಲಿ ತೋಡುವುದಂತೂ ಆಗದ ಮಾತು. ಪೇಪರ್ ಟವೆಲ್ ಮಾತ್ರ ಒಂದು ಕಟ್ಟು ಯಾವಾಗಲೂ ಮನೆಯಲ್ಲಿಟ್ಟಿರುತ್ತೇನೆ. ಮರಿಗೆ ಹುಷಾರಿಲ್ಲದಾಗ ಹಿಕ್ಕೆ ಹೇಗಿದೆ, ಎಷ್ಟು ತಿಂದಿದೆ ಅಂತ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ದಿನನಿತ್ಯದ ಹಾಸಾಗಿ ಅದು ಬೇಡ.

ಕೊನೆಗೆ ಉಳಿದದ್ದು ಮೂರು: ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಶುದ್ಧ ಮಣ್ಣು, ಆರ್ಕಿಡ್ ಗಿಡಗಳಿಗೆ ಬಳಸುವ ಸಣ್ಣ ತೊಗಟೆ ಚೂರು. ನಾನು ಮೂರನ್ನೂ ಬಳಸಿದೆ. ಕೆಳಗೆ ಕೋಕೋಪೀಟ್ ಮತ್ತು ಮಣ್ಣಿನ ಮಿಶ್ರಣ, ಮೇಲೆ ತೆಳುವಾಗಿ ತೊಗಟೆ. ತೊಗಟೆಯೊಂದನ್ನೇ ಹಾಕಿ ಮರಿ ಬೆಳೆಸುವವರೂ ಇದ್ದಾರೆ, ಅದೂ ಸರಿಯೇ. ನನಗೆ ಮಣ್ಣು ಬೇಕಿತ್ತು. ಕೋಕೋಪೀಟ್ ಒಂದೇ ಇದ್ದರೆ ಒಣಗಿದಾಗ ಪುಡಿ ಹಾರುತ್ತದೆ, ಕಣ್ಣಿಗೆ ಅಂಟುತ್ತದೆ. ಮಣ್ಣು ಸೇರಿದರೆ ತೂಕ ಬರುತ್ತದೆ, ತೋಡಿದ ಗುಂಡಿ ಕುಸಿಯದೆ ನಿಲ್ಲುತ್ತದೆ.

ಕೋಕೋಪೀಟ್ ಇಟ್ಟಿಗೆಯನ್ನು ಬಿಸಿನೀರಿನಲ್ಲಿ ನೆನೆಸಿ ಹಾಗೇ ಸುರಿಯಬೇಡಿ. ತೋಟಕ್ಕೆಂದು ಮಾಡಿದ್ದರಲ್ಲಿ ಉಪ್ಪಿನಂಶ ಇರುವುದುಂಟು. ಹಳೆಯ ದಿಂಬಿನ ಚೀಲದಲ್ಲಿ ತುಂಬಿ, ಬಕೆಟ್‌ನಲ್ಲಿ ಅದ್ದಿ ಹಿಂಡಿದರೆ ಮೊದಲು ಗಾಢ ಕಂದು ನೀರು ಇಳಿಯುತ್ತದೆ. ಬಣ್ಣ ತಿಳಿಯಾಗುವವರೆಗೂ ತೊಳೆದೆ. ಮಣ್ಣಿನ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಕುಂಡದ ಮಣ್ಣು ಅಂತ ಚೀಲದಲ್ಲಿ ಬರುವುದರಲ್ಲಿ ಪರ್ಲೈಟ್‌ನ ಬಿಳಿ ಹರಳು ಇರುತ್ತದೆ, ನಿಧಾನವಾಗಿ ಕರಗುವ ಗೊಬ್ಬರದ ಗುಂಡು ಗುಂಡು ಕಾಳು ಇರುತ್ತದೆ. ಕಪ್ಪು ಮಣ್ಣಿನ ಮೇಲೆ ಇವು ಎದ್ದು ಕಾಣುತ್ತವೆ. ಆಮೆಮರಿ ಕಣ್ಣಿಗೆ ಬಿದ್ದದ್ದನ್ನು ಮೊದಲು ಕಚ್ಚಿ, ಆಮೇಲೆ ಯೋಚಿಸುವ ಜೀವಿ. ಹಾಗಾಗಿ ಗೊಬ್ಬರ, ಕೀಟನಾಶಕ ಯಾವುದೂ ಸೇರದ ಸಾದಾ ಮಣ್ಣನ್ನೇ ಹುಡುಕಿ, ಬಿಳಿ ತಟ್ಟೆಯ ಮೇಲೆ ಹರಡಿ, ಕಲ್ಲು, ಗಾಜು, ಪ್ಲಾಸ್ಟಿಕ್ ಇದೆಯೇ ಎಂದು ಬೆರಳಾಡಿಸಿ ನೋಡಿದೆ.

ಆಳ ಎಷ್ಟು? ಮರಿ ಪೂರ್ತಿ ಮುಳುಗುವಷ್ಟು. ಚಿಪ್ಪಿನ ಎತ್ತರಕ್ಕಿಂತ ಕಡಿಮೆ ಇದ್ದರೆ ಅದು ಮೂಲೆ ಕೆರೆಯುತ್ತಲೇ ಇರುತ್ತದೆ, ನೆಮ್ಮದಿ ಇರುವುದಿಲ್ಲ. ನಾನು 8 ಸೆಂ.ಮೀ. ಹಾಕಿದೆ, ಅಡಗುವ ಗೂಡಿನ ಕೆಳಗೆ ಇನ್ನೂ ಸ್ವಲ್ಪ ಜಾಸ್ತಿ. ಚಪ್ಪಟೆ ಕಲ್ಲು ಇಡುವುದಾದರೆ ಹಾಸಿನ ಮೇಲಲ್ಲ, ತೊಟ್ಟಿಯ ತಳಕ್ಕೇ ತಾಗಿಸಿ ಇಟ್ಟು ಸುತ್ತ ಹಾಸು ತುಂಬಬೇಕು. ಇಲ್ಲದಿದ್ದರೆ ಮರಿ ಕೆಳಗೆ ತೋಡಿದಾಗ ಕಲ್ಲು ಅದರ ಮೇಲೆಯೇ ಕುಸಿಯುತ್ತದೆ.

ನೀರು ಹಾಕುವುದೇ ಇಡೀ ಕೆಲಸದ ಮರ್ಮ. ಮೇಲಿಂದ ಸ್ಪ್ರೇ ಮಾಡಿದರೆ ಮೇಲ್ಪದರ ಒದ್ದೆಯಾಗಿ, ಸಂಜೆಯೊಳಗೆ ಆರಿಹೋಗುತ್ತದೆ. ಅದರ ಬದಲು ನಾಲ್ಕೂ ಮೂಲೆಯಲ್ಲಿ ಉಗುರುಬೆಚ್ಚಗಿನ ನೀರನ್ನು ನಿಧಾನಕ್ಕೆ ಸುರಿಯುತ್ತೇನೆ. ನೀರು ತಳಕ್ಕೆ ಇಳಿದು ಹರಡುತ್ತದೆ, ಮೇಲಿನ ತೊಗಟೆ ಒಣಗಿಯೇ ಇರುತ್ತದೆ. ಆಮೇಲೆ ಕೆಳಗಿನಿಂದ ಒಂದು ಹಿಡಿ ತೆಗೆದು ಹಿಂಡಿ ನೋಡುತ್ತೇನೆ. ಮುಷ್ಟಿ ಬಿಚ್ಚಿದಾಗ ಉಂಡೆ ನಿಂತರೆ, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕದಿದ್ದರೆ ಹದ ಸರಿ. ನೀರು ಇಳಿದರೆ ಜಾಸ್ತಿಯಾಯಿತು, ಉಂಡೆ ಪುಡಿಯಾದರೆ ಸಾಲದು. ಹೊಟ್ಟೆಯ ಕೆಳಗಿನ ಚಿಪ್ಪು ಸದಾ ಕೆಸರಿನಲ್ಲಿದ್ದರೆ ಅದೂ ಕೊಳೆಯುತ್ತದೆ, ಅದಕ್ಕೇ ಮೇಲ್ಪದರ ಒಣಗಿರಬೇಕು ಅನ್ನುವುದು.

ತೇವದ ಜೊತೆ ಬೆಚ್ಚಗಿರುವುದೂ ಕಡ್ಡಾಯ. ತೇವ ಮತ್ತು ಚಳಿ ಸೇರಿದರೆ ಉಸಿರಾಟದ ಸೋಂಕು ಬರುತ್ತದೆ. ರಾತ್ರಿಯೂ ಗೂಡು 26 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇನೆ. ದೀಪದಡಿಯ ಬೆಚ್ಚನೆಯ ಜಾಗ 35 ಡಿಗ್ರಿಯ ಆಸುಪಾಸು. ತೇವಾಂಶದ ಮೀಟರನ್ನು ಗೋಡೆಯ ಮೇಲೆ ಎತ್ತರದಲ್ಲಿ ಅಂಟಿಸುವವರೇ ಜಾಸ್ತಿ. ಮರಿ ಇರುವುದು ನೆಲದಲ್ಲಲ್ಲವೇ? ನನ್ನ ಮೀಟರ್‌ನ ತಂತಿ ಹಾಸಿನ ಮಟ್ಟದಲ್ಲೇ, ಅಡಗುತಾಣದೊಳಗೆ ಇದೆ. ಅಲ್ಲಿ ಶೇ. 80ರ ಹತ್ತಿರ ಇದ್ದರೆ ನನಗೆ ಸಮಾಧಾನ. ಗೂಡಿನ ಮೇಲ್ಭಾಗ ಪೂರ್ತಿ ತೆರೆದಿದ್ದರೆ ಎಷ್ಟು ನೀರು ಸುರಿದರೂ ಇದು ದಕ್ಕುವುದಿಲ್ಲ. ಬಹುಪಾಲು ಮುಚ್ಚಲೇಬೇಕು.

ಸೊಪ್ಪನ್ನು ಹಾಸಿನ ಮೇಲೆ ಹಾಕುವುದಿಲ್ಲ. ಒರಟು ಟೈಲ್ಸ್ ತುಂಡಿನ ಮೇಲೆ ಇಡುತ್ತೇನೆ. ಚೂರು ಬಾಯಿಗೆ ಹೋಗುವುದು ಕಡಿಮೆ, ಕೊಕ್ಕು, ಉಗುರೂ ಸವೆಯುತ್ತವೆ. ಅಷ್ಟಾದರೂ ಒಂದೆರಡು ಎಳೆ ಹೋಗಿಯೇ ಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ದಿನಾ ನೆನೆಸುವಾಗ ಮರಿ ಹಿಕ್ಕೆ ಹಾಕುತ್ತದೆ. ಅದನ್ನು ಕಡ್ಡಿಯಿಂದ ಬಿಡಿಸಿ ನೋಡುವುದು ರೂಢಿಯಾಗಿದೆ. ಅಪರೂಪಕ್ಕೆ ಒಂದು ತೊಗಟೆ ಚೂರು ಕಂಡರೆ ಚಿಂತೆ ಇಲ್ಲ. ಪ್ರತಿದಿನ ಕಂಡರೆ, ಇಲ್ಲವೇ ಹಿಕ್ಕೆ ನಿಂತು ಮರಿ ತಿನ್ನುವುದನ್ನೂ ಬಿಟ್ಟರೆ, ಹಾಸು ಬದಲಿಸುತ್ತಾ ಕೂರದೆ ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗಬೇಕು.

ಹೊಸ ಹಾಸಿನಲ್ಲಿ ಮೊದಮೊದಲು ಬಿಳಿ ಬೂಸ್ಟು ಬರುವುದು ಸಾಮಾನ್ಯ. ಆ ಜಾಗವನ್ನು ಚಮಚದಲ್ಲಿ ಎತ್ತಿ ಬಿಸಾಡಿ, ಉಳಿದದ್ದನ್ನು ಮೇಲೆ ಕೆಳಗೆ ಮಾಡುತ್ತೇನೆ. ಸ್ಪ್ರಿಂಗ್‌ಟೇಲ್ ಅನ್ನುವ ಸಣ್ಣ ಬಿಳಿ ಹುಳುಗಳನ್ನು ಬಿಟ್ಟರೆ ಬೂಸ್ಟನ್ನು ಅವೇ ತಿಂದು ಮುಗಿಸುತ್ತವೆ, ಮರಿಗೆ ಏನೂ ಮಾಡುವುದಿಲ್ಲ. ಹಿಕ್ಕೆ, ಬಾಡಿದ ಸೊಪ್ಪನ್ನು ದಿನಾ ತೆಗೆಯುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ, ಅಥವಾ ಮಣ್ಣಿನ ವಾಸನೆ ಹೋಗಿ ಹುಳಿ ವಾಸನೆ ಬರಲು ಶುರುವಾದರೆ ಅದಕ್ಕೂ ಮೊದಲೇ, ಪೂರ್ತಿ ಬದಲಿಸುತ್ತೇನೆ. ಹಾಸು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮನೆಯವರೆಲ್ಲರಿಗೂ ಕಡ್ಡಾಯ. ಆರೋಗ್ಯವಾಗಿರುವ ಆಮೆಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಹಳೆಯ ಹಾಸನ್ನು ಹೂಗಿಡದ ಬುಡಕ್ಕೆ ಹಾಕುತ್ತೇನೆ, ಸೊಪ್ಪು ತರಕಾರಿಯ ಪಾತಿಗಲ್ಲ.