ಟಿ-ರೆಗ್ ಬರೋತನಕ ಗುಳಿಗಿ ಹೆಂಗ ನೋಡ್ಕೋಬೇಕು

ಅವ್ವನ ಕಿಡ್ನಿ ತಮ್ಮಗ ಹಾಕಿಸಿದ ಮ್ಯಾಲೆ ಗುಳಿಗಿ ಲೆಕ್ಕ ನಂದೇ. 2025ರಾಗ ಟಿ-ರೆಗ್ ಕುರಿತ ಶೋಧಕ್ಕ ಜಪಾನಿನ ವಿಜ್ಞಾನಿ ಸಕಾಗುಚಿ ಮತ್ತಿಬ್ಬರಿಗೆ ನೊಬೆಲ್ ಬಂದಾಗಿಂದ ನಮ್ಮ ರಾಯಚೂರಾಗೂ ‘ಟಿ-ರೆಗ್ ಹಾಕಿಸ್ರಿ’ ಅನ್ನೋರು ಸಿಗ್ತಾರ. ಟಿ-ರೆಗ್ ಅಂದ್ರ ರಕ್ತದಾಗಿನ ಒಂದು ನಮೂನಿ ಬಿಳಿ ಕೋಶ, ಜಗಳ ಬಿಡಿಸೋ ಹಿರಿಯರಿದ್ದಂಗ. ಉಳಿದ ರೋಗನಿರೋಧಕ ಕೋಶಗಳು ಹೊಸ ಅಂಗದ ಮ್ಯಾಲೆ ಬೀಳದಂಗ ತಡೀತಾವ. ರೋಗಿಯ ರಕ್ತದಿಂದ್ಲೇ ತೆಗೆದು, ಲ್ಯಾಬಿನಾಗ ವಾರಗಟ್ಟಲೆ ಬೆಳೆಸಿ, ಮತ್ತ ನರಕ್ಕ ಏರಿಸ್ತಾರ. ಕಸಿಗೆ ಇದಿನ್ನೂ ಪ್ರಯೋಗದ ಹಂತದಾಗೈತಿ. ಯಾರರ ರೊಕ್ಕ ಕೇಳಿದ್ರ ಎದ್ದು ಬರ್ರಿ.

ಅಲ್ಲೀತನಕ ಗುಳಿಗಿನೇ ಗತಿ. ತಮ್ಮಂದು ಟ್ಯಾಕ್ರೋಲಿಮಸ್, ದೇಹ ಹೊಸ ಕಿಡ್ನಿನ ತಿರಸ್ಕರಿಸದಂಗ ತಡಿಯೋ ಗುಳಿಗಿ, ಹನ್ನೆರಡು ತಾಸಿಗೊಮ್ಮೆ. ರಕ್ತದಾಗ ಔಷಧದ ಮಟ್ಟ ನೋಡಿಸೋ ದಿನ ಮುಂಜಾನಿ ಗುಳಿಗಿ ನುಂಗದೆ ಡಬ್ಬಿ ಜೊತಿಗೇ ಒಯ್ಯಿರಿ, ರಕ್ತ ಕೊಟ್ಟ ಮ್ಯಾಲೆ ನುಂಗ್ರಿ. ಚಕ್ಕೋತ ಬ್ಯಾಡ, ಅದು ಔಷಧದ ಮಟ್ಟ ಏರಿಸ್ತೈತಿ. ಜ್ವರ ಬಂದ್ರ, ಮೂತ್ರ ಕಡಿಮಿ ಆದ್ರ ಅವತ್ತೇ ಡಾಕ್ಟರ್‌ಗೆ ಫೋನ್ ಹಚ್ರಿ.